ರಸ್ತೆ ಅಪಘಾತದ ಬಳಿಕ ತಡವಾಗಿ ತಲೆದೋರುವ ಆಘಾತೋತ್ತರ ಒತ್ತಡ

ವಾಹನ ಅಪಘಾತಕ್ಕೆ ಸಿಕ್ಕವರಲ್ಲಿ, ಅದನ್ನು ಕಣ್ಣಾರೆ ಕಂಡವರಲ್ಲಿ ಅಥವಾ ಅದರಲ್ಲಿ ಆಪ್ತರನ್ನು ಕಳೆದುಕೊಂಡವರಲ್ಲಿ, ಘಟನೆ ನಡೆದು ಕನಿಷ್ಠ ಆರು ತಿಂಗಳಾದ ಮೇಲೆ ಪೂರ್ಣರೂಪಕ್ಕೆ ಬರುವ ಮನೋವ್ಯಾಧಿ. ಇದು ಆಘಾತೋತ್ತರ ಒತ್ತಡದ ಕಾಯಿಲೆಯ (ಪಿಟಿಎಸ್‌ಡಿ) ಒಂದು ಬಗೆ. ಅಪಘಾತದ ದೃಶ್ಯ ಬೇಡವೆಂದರೂ ಕಣ್ಣೆದುರು ಬರುವುದು, ಕೆಟ್ಟ ಕನಸು, ರಸ್ತೆ ಮತ್ತು ವಾಹನಗಳಿಂದ ದೂರವುಳಿಯುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ನಿದ್ರೆ ಕೆಡುವುದು, ಮನಸ್ಸು ಮರಗಟ್ಟುವುದು ಇದರ ಮುಖ್ಯ ಲಕ್ಷಣಗಳು.

'ತಡವಾಗಿ' ಎಂಬ ಮಾತಿನಿಂದ, ಆರಾಮವಾಗಿದ್ದವರಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಕಾಯಿಲೆ ಹುಟ್ಟುತ್ತದೆ ಎಂಬ ಭಾವನೆ ಬರುತ್ತದೆ. ಅಧ್ಯಯನಗಳು ಕಂಡುಕೊಂಡದ್ದು ಬೇರೆ. ಇಂಥವರಲ್ಲಿ ಹೆಚ್ಚಿನವರಿಗೆ ಮೊದಲ ವಾರಗಳಲ್ಲೇ ಕೆಲವು ಲಕ್ಷಣಗಳಿದ್ದು, ಅವು ಬೂದಿ ಮುಚ್ಚಿದ ಕೆಂಡದಂತೆ ಉಳಿದು, ಮುಂದೆ ಯಾವುದೋ ಕಾರಣಕ್ಕೆ ಹೊತ್ತಿಕೊಳ್ಳುತ್ತವೆ. ಹೀಗಾಗಿ ತಡ ಎಂಬುದು ಕಾಯಿಲೆಯ ಹುಟ್ಟಿಗಿಂತ ಹೆಚ್ಚಾಗಿ ಅದರ ಬೆಳವಣಿಗೆಗೆ ಮತ್ತು ಅದನ್ನು ಗುರುತಿಸುವಿಕೆಗೆ ಸಂಬಂಧಿಸಿದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಗಾಯಗೊಂಡು ಬದುಕುಳಿಯುವವರು ವರ್ಷಕ್ಕೆ 2ರಿಂದ 5 ಕೋಟಿ. ಯುದ್ಧ, ಭೂಕಂಪಗಳಿಗೆ ಹೋಲಿಸಿದರೆ ರಸ್ತೆ ಅಪಘಾತ ದಿನನಿತ್ಯದ ಸುದ್ದಿ. ಆದರೆ ಇಷ್ಟು ದೊಡ್ಡ ಸಂಖ್ಯೆಯ ಜನರನ್ನು ಮುಟ್ಟುವುದರಿಂದ ನಾಗರಿಕ ಜೀವನದಲ್ಲಿ ಈ ಕಾಯಿಲೆಯ ಪ್ರಮುಖ ಮೂಲಗಳಲ್ಲಿ ಅದೂ ಒಂದು.

ವ್ಯಾಖ್ಯೆ

ಪಿಟಿಎಸ್‌ಡಿ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ರೋಗನಿರ್ಣಯ ಕೈಪಿಡಿಯ (ಡಿಎಸ್‌ಎಂ) ಮೂರನೆಯ ಆವೃತ್ತಿಯಲ್ಲಿ. ಘಟನೆಯಾದ ಆರು ತಿಂಗಳ ಅನಂತರ ಶುರುವಾಗುವ ಪ್ರಕರಣಗಳನ್ನು ಆಗಲೇ ಪ್ರತ್ಯೇಕ ಬಗೆಯಾಗಿ ಗುರುತಿಸಲಾಯಿತು. 1994ರ ನಾಲ್ಕನೆಯ ಆವೃತ್ತಿ ಇದನ್ನು 'ತಡವಾದ ಆರಂಭ' ಎಂದು ಕರೆಯಿತು. 2013ರ ಐದನೆಯ ಆವೃತ್ತಿ 'ಆರಂಭ'ವನ್ನು ಕೈಬಿಟ್ಟು 'ತಡವಾದ ಅಭಿವ್ಯಕ್ತಿ' ಎಂಬ ಪದ ಬಳಸಿತು. ಕೆಲವು ಲಕ್ಷಣಗಳು ಕೂಡಲೇ ತೋರಿರಬಹುದು, ಆದರೆ ರೋಗವೆನ್ನಲು ಬೇಕಾದ ಎಲ್ಲ ಲಕ್ಷಣಗಳೂ ಕೂಡಿಬಂದದ್ದು ಆರು ತಿಂಗಳ ಮೇಲೆ ಎಂಬುದು ಇದರ ಅರ್ಥ. ಈ ಪದಬದಲಾವಣೆಯ ಹಿಂದೆ ಮೂರು ದಶಕಗಳ ಅಧ್ಯಯನದ ತಿಳಿವಳಿಕೆ ಇದೆ.

ಐದನೆಯ ಆವೃತ್ತಿಯ ಪ್ರಕಾರ ಲಕ್ಷಣಗಳು ಒಟ್ಟು 20; ಅವುಗಳಲ್ಲಿ ನಾಲ್ಕು ಗುಂಪುಗಳಿವೆ. ಮರುಕಳಿಸುವ ನೆನಪುಗಳ ಗುಂಪಿನಿಂದ ಒಂದು, ದೂರವುಳಿಯುವಿಕೆಯ ಗುಂಪಿನಿಂದ ಒಂದು, ಆಲೋಚನೆ ಮತ್ತು ಭಾವನೆಗಳ ಏರುಪೇರಿನ ಗುಂಪಿನಿಂದ ಎರಡು, ಅತಿ ಎಚ್ಚರದ ಗುಂಪಿನಿಂದ ಎರಡು ಲಕ್ಷಣಗಳಾದರೂ ಒಂದು ತಿಂಗಳಿಗೂ ಹೆಚ್ಚು ಕಾಲ ಇರಬೇಕು, ಮತ್ತು ಅವುಗಳಿಂದ ಬದುಕಿಗೆ ಅಡಚಣೆಯಾಗಿರಬೇಕು. ಮೂರು ದಿನದಿಂದ ಒಂದು ತಿಂಗಳವರೆಗಿನ ತೊಂದರೆಗೆ ತೀವ್ರ ಒತ್ತಡದ ಕಾಯಿಲೆ ಎಂಬ ಬೇರೆ ಹೆಸರಿದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಬೇರೆ ದಾರಿ ಹಿಡಿದಿತ್ತು. ಅದರ ಹತ್ತನೆಯ ಆವೃತ್ತಿಯಲ್ಲಿ, ಘಟನೆಗೂ ಕಾಯಿಲೆಗೂ ನಡುವಿನ ಅಂತರ ಕೆಲವು ವಾರಗಳಿಂದ ಕೆಲವು ತಿಂಗಳು, ಆರು ತಿಂಗಳು ದಾಟುವುದು ಅಪರೂಪ ಎಂದಿತ್ತು. ಒಂದು ಕೈಪಿಡಿ ಅಪರೂಪವೆಂದು ಬದಿಗಿಟ್ಟದ್ದಕ್ಕೆ ಇನ್ನೊಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿತ್ತು. 2022ರ ಜನವರಿ 1ರಿಂದ ಜಾರಿಯಲ್ಲಿರುವ ಹನ್ನೊಂದನೆಯ ಆವೃತ್ತಿ ಲಕ್ಷಣಗಳನ್ನು ಮೂರಕ್ಕಿಳಿಸಿದೆ: ಘಟನೆ ಈಗಲೇ ನಡೆಯುತ್ತಿದೆಯೆಂಬಂತೆ ಮರುಅನುಭವವಾಗುವುದು, ಅದನ್ನು ನೆನಪಿಸುವುದರಿಂದ ದೂರವಿರುವುದು, ಅಪಾಯ ಇನ್ನೂ ತಪ್ಪಿಲ್ಲ ಎಂಬ ನಿರಂತರ ಭಾವನೆ.

ಇತಿಹಾಸ

ಈ ವಿಷಯದ ವೈದ್ಯಕೀಯ ಚರಿತ್ರೆ ಶುರುವಾಗುವುದು ಮೋಟಾರು ವಾಹನಗಳಿಗಿಂತ ಮೊದಲು, ರೈಲುಗಳ ಕಾಲದಲ್ಲಿ. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸೆನ್ 1866ರಲ್ಲಿ ರೈಲು ಅಪಘಾತದ ಗಾಯಾಳುಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅಪಘಾತದ ಹೊತ್ತಿನಲ್ಲಿ ತನಗೇನೂ ಆಗಿಲ್ಲವೆಂದುಕೊಂಡು, ಬೇರೆಯವರಿಗೆ ನೆರವಾಗಿ ಮನೆಗೆ ಹೋದವರು ಆಮೇಲೆ ಕುಸಿಯುವುದನ್ನು ಅವನು ಗಮನಿಸಿದ್ದ. ಬೆನ್ನುಹುರಿಗೆ ಬಿದ್ದ ಪೆಟ್ಟೇ ಇದಕ್ಕೆ ಕಾರಣ ಎಂಬುದು ಅವನ ವಾದ. ಆದ್ದರಿಂದ ಇದಕ್ಕೆ 'ರೈಲ್ವೆ ಬೆನ್ನುಹುರಿ' ಎಂಬ ಹೆಸರು ರೂಢಿಯಾಯಿತು. ರೈಲು ಕಂಪನಿಯೊಂದರ ಶಸ್ತ್ರವೈದ್ಯನಾಗಿದ್ದ ಹರ್ಬರ್ಟ್ ಪೇಜ್ 1883ರಲ್ಲಿ ಇದನ್ನು ಅಲ್ಲಗಳೆದು, ಭಯವೊಂದೇ ಇಂಥ ಲಕ್ಷಣಗಳನ್ನು ತರಬಲ್ಲದು ಎಂದ. ಜರ್ಮನಿಯ ಹರ್ಮನ್ ಓಪನ್‌ಹೈಮ್ 1889ರಲ್ಲಿ 'ಆಘಾತಜನ್ಯ ನರವ್ಯಾಧಿ' ಎಂಬ ಹೆಸರನ್ನು ಬಳಕೆಗೆ ತಂದ.

ಈ ಕಾಲದ ಅತಿ ಪ್ರಸಿದ್ಧ ಉದಾಹರಣೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನದು. 1865ರ ಜೂನ್ 9ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಸ್ಟೇಪಲ್‌ಹರ್ಸ್ಟ್ ಬಳಿ, ದುರಸ್ತಿಗೆಂದು ಹಳಿ ಕಿತ್ತಿದ್ದ ಸೇತುವೆಯ ಮೇಲೆ ಅವನಿದ್ದ ರೈಲು ಹಳಿ ತಪ್ಪಿತು. ಹತ್ತು ಜನ ಸತ್ತರು. ಅವನ ಬೋಗಿ ಸೇತುವೆಯಿಂದ ಜೋತುಬಿತ್ತು. ಡಿಕನ್ಸ್ ಗಾಯಗೊಂಡವರಿಗೆ ನೀರು, ಬ್ರಾಂದಿ ಕೊಟ್ಟು ಉಪಚರಿಸಿದ. ಮತ್ತೆ ಬೋಗಿಗೆ ಹತ್ತಿ ತಾನು ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿಯನ್ನು ತಂದ. ಆ ಹೊತ್ತಿನಲ್ಲಿ ಅವನು ಧೈರ್ಯಗೆಟ್ಟಿರಲಿಲ್ಲ. ಆದರೆ ಮೂರು ವರ್ಷಗಳ ಮೇಲೂ ಕುದುರೆಗಾಡಿಯಲ್ಲಿ ಹೋಗುವಾಗ ಕೂಡ ಕಾರಣವಿಲ್ಲದೆ ಭೀತಿ ನುಗ್ಗಿಬರುತ್ತದೆ ಎಂದು ಪತ್ರದಲ್ಲಿ ಬರೆದುಕೊಂಡಿದ್ದ. ಸಾಧ್ಯವಾದಾಗಲೆಲ್ಲ ನಿಧಾನ ಹೋಗುವ ರೈಲುಗಳನ್ನೇ ಹಿಡಿಯುತ್ತಿದ್ದ. ಸರಿಯಾಗಿ ಐದು ವರ್ಷಗಳ ಬಳಿಕ, 1870ರ ಜೂನ್ 9ರಂದೇ ಅವನು ತೀರಿಕೊಂಡ. ಸತ್ತವರಿಗೆ ಈಗ ರೋಗದ ಹೆಸರು ಅಂಟಿಸಲಾಗದು. ಆದರೂ ಅವನ ಬರಹದಲ್ಲಿರುವ ವಿವರಗಳು ಇಂದಿನ ಲಕ್ಷಣಪಟ್ಟಿಗೆ ಹತ್ತಿರವಾಗಿವೆ.

ಸಿಗ್ಮಂಡ್ ಫ್ರಾಯ್ಡ್ ತನ್ನ ಕೊನೆಯ ವರ್ಷಗಳ ಕೃತಿಯೊಂದರಲ್ಲಿ (1939), ರೈಲು ಡಿಕ್ಕಿಯಿಂದ ಗಾಯವಿಲ್ಲದೆ ಪಾರಾಗಿ ಕೆಲವು ವಾರಗಳ ಬಳಿಕ ಕಾಯಿಲೆ ಬೀಳುವವನ ಉದಾಹರಣೆ ಕೊಟ್ಟ. ನಡುವಿನ ಕಾಲವನ್ನು ಅವನು ಅಂಟುರೋಗದ ಸುಪ್ತಾವಧಿಗೆ ಹೋಲಿಸಿದ.

ರೋಗಿಯ ಮೇಲಿನ ಅನುಮಾನವೂ ಈ ಚರಿತ್ರೆಯ ಭಾಗವೇ. ಬ್ರಿಟನ್ನಿನ ನರವೈದ್ಯ ಹೆನ್ರಿ ಮಿಲ್ಲರ್ 1961ರಲ್ಲಿ 'ಅಪಘಾತ ನರವ್ಯಾಧಿ' ಎಂಬ ಉಪನ್ಯಾಸದಲ್ಲಿ, ಪರಿಹಾರದ ಹಣ ಕೈಗೆ ಬಂದ ಕೂಡಲೇ ಇಂಥವರು ಗುಣವಾಗುತ್ತಾರೆ ಎಂದು ವಾದಿಸಿದ. ಮೊಕದ್ದಮೆ ಮುಗಿದವರನ್ನು ಮುಂದಿನ ದಶಕಗಳಲ್ಲಿ ಅನುಸರಿಸಿ ನೋಡಿದ ಅಧ್ಯಯನಗಳು ಇದನ್ನು ಸಮರ್ಥಿಸಲಿಲ್ಲ. ಹಣ ಬಂದ ಮೇಲೂ ಹಲವರ ತೊಂದರೆ ಹಾಗೆಯೇ ಉಳಿದಿತ್ತು.

ವ್ಯಾಪ್ತಿ

ವಾಹನ ಅಪಘಾತ ಮತ್ತು ಪಿಟಿಎಸ್‌ಡಿಯ ಸಂಬಂಧ 1990ರ ದಶಕದಲ್ಲಿ ವ್ಯವಸ್ಥಿತ ಅಧ್ಯಯನದ ವಿಷಯವಾಯಿತು. ಅಮೆರಿಕದ ಆಲ್ಬನಿಯಲ್ಲಿ ಎಡ್ವರ್ಡ್ ಬ್ಲಾಂಚರ್ಡ್ ಮತ್ತು ಎಡ್ವರ್ಡ್ ಹಿಕ್ಲಿಂಗ್, ಅಪಘಾತದ ಬಳಿಕ ವೈದ್ಯರ ಬಳಿ ಹೋದ 158 ಜನರನ್ನು ಪರೀಕ್ಷಿಸಿದಾಗ 62 ಜನರಲ್ಲಿ, ಅಂದರೆ ಶೇ. 39ರಷ್ಟು ಮಂದಿಯಲ್ಲಿ ಕಾಯಿಲೆ ಕಂಡಿತು. ಆಂಕೆ ಎಹ್ಲರ್ಸ್, ರಿಚರ್ಡ್ ಮೇಯೋ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ 967 ಗಾಯಾಳುಗಳ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೆಯ ತಿಂಗಳಲ್ಲಿ ಶೇ. 23.1, ಒಂದು ವರ್ಷದ ಬಳಿಕ ಶೇ. 16.5 ಮಂದಿಗೆ ಕಾಯಿಲೆಯಿತ್ತು. ಸಂಖ್ಯೆ ಊರಿಂದೂರಿಗೆ, ಅಳತೆಯ ವಿಧಾನದಿಂದ ವಿಧಾನಕ್ಕೆ ಬದಲಾಗುತ್ತದೆ.

ತಡವಾಗಿ ಬರುವ ಬಗೆಯನ್ನು ಕುರಿತು ಮೂರು ಕೆಲಸಗಳು ಮುಖ್ಯ. ಬರ್ನಿಸ್ ಆಂಡ್ರ್ಯೂಸ್, ಕ್ರಿಸ್ ಬ್ರೂಯಿನ್ ಮತ್ತು ಇತರರು 2007ರಲ್ಲಿ ಆವರೆಗಿನ ವರದಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಮೊದಲು ಯಾವ ಲಕ್ಷಣವೂ ಇಲ್ಲದೆ ತಡವಾಗಿ ಬಂದ ಪ್ರಕರಣಗಳು ತೀರ ವಿರಳವಾಗಿದ್ದವು. ಇದ್ದ ಲಕ್ಷಣ ಉಲ್ಬಣಿಸಿದ ಅಥವಾ ಮರುಕಳಿಸಿದ ಬಗೆಯನ್ನೂ ಸೇರಿಸಿದರೆ ಸೈನಿಕರಲ್ಲಿ ಸರಾಸರಿ ಶೇ. 38.2, ನಾಗರಿಕರಲ್ಲಿ ಶೇ. 15.3 ಪ್ರಕರಣಗಳು ತಡವಾದವು. ಗೀರ್ಟ್ ಸ್ಮಿಡ್ ಮತ್ತು ಸಂಗಡಿಗರ 2009ರ ವಿಶ್ಲೇಷಣೆ, ಒಟ್ಟು ಪ್ರಕರಣಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ (ಶೇ. 24.8) ತಡವಾದವು ಎಂದಿತು. ರಿಚರ್ಡ್ ಬ್ರಯಾಂಟ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ಆಸ್ಪತ್ರೆಗಳಿಗೆ ಗಾಯಗೊಂಡು ಬಂದ 1,084 ಜನರನ್ನು ಎರಡು ವರ್ಷ ಹಿಂಬಾಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ಕೊನೆಗೆ ಕಾಯಿಲೆ ಇದ್ದವರಲ್ಲಿ ಶೇ. 44.1 ಮಂದಿಗೆ ಮೂರನೆಯ ತಿಂಗಳಲ್ಲಿ ಕಾಯಿಲೆ ಇರಲಿಲ್ಲ. ಕಾಯಿಲೆ ಒಂದೇ ದಿಕ್ಕಿನಲ್ಲಿ ಏರುವುದೋ ಇಳಿಯುವುದೋ ಅಲ್ಲ, ಏರಿಳಿಯುತ್ತ ಸಾಗುತ್ತದೆ ಎಂಬುದು ಈ ಅಧ್ಯಯನದ ತಿರುಳು. ಒಮ್ಮೆ ಪರೀಕ್ಷಿಸಿ 'ಏನೂ ಇಲ್ಲ' ಎಂದು ಕಳಿಸಿದರೆ ಸಾಲದು ಎಂಬ ಸಲಹೆಗೆ ಇದೇ ಆಧಾರ.

ಲಕ್ಷಣಗಳು

ಅಪಘಾತದ ನೆನಪು ಮಾತಿನ ರೂಪಕ್ಕಿಂತ ಇಂದ್ರಿಯಗಳ ರೂಪದಲ್ಲಿ ಮರಳುತ್ತದೆ: ಬ್ರೇಕಿನ ಕಿರುಚು, ಗಾಜು ಪುಡಿಯಾದ ಸದ್ದು, ಪೆಟ್ರೋಲಿನ ವಾಸನೆ, ಎದುರಿನಿಂದ ಬಂದ ಲಾರಿಯ ದೀಪ. ಡಿಕ್ಕಿಯ ಕ್ಷಣಕ್ಕಿಂತ ಅದಕ್ಕೆ ತುಸು ಮುಂಚಿನ ದೃಶ್ಯವೇ ಹೆಚ್ಚಾಗಿ ಕಾಡುತ್ತದೆ ಎಂಬುದನ್ನು ಎಹ್ಲರ್ಸ್ ಗುರುತಿಸಿದ್ದಾರೆ. ಅಪಾಯ ಬರುತ್ತಿದೆ ಎಂದು ಸಾರಿದ ಕೊನೆಯ ಸೂಚನೆಯನ್ನು ಮನಸ್ಸು ಎಚ್ಚರಿಕೆಯ ಗಂಟೆಯಾಗಿ ಇಟ್ಟುಕೊಳ್ಳುತ್ತದೆ. ಆದ್ದರಿಂದಲೇ ರಾತ್ರಿ ಎದುರಿನಿಂದ ಬರುವ ಯಾವ ವಾಹನದ ದೀಪ ಕಂಡರೂ ಎದೆ ಧಸಕ್ಕೆನ್ನುತ್ತದೆ.

ದೂರವುಳಿಯುವಿಕೆ ಹಲವು ವೇಷಗಳಲ್ಲಿರುತ್ತದೆ. ಕೆಲವರು ವಾಹನ ಓಡಿಸುವುದನ್ನೇ ಬಿಡುತ್ತಾರೆ. ಕೆಲವರು ಓಡಿಸುತ್ತಾರೆ, ಆದರೆ ಆ ತಿರುವು, ಆ ಸೇತುವೆ, ಮಳೆಗಾಲ, ರಾತ್ರಿ ಪ್ರಯಾಣ ಬೇಡ. ಇನ್ನು ಕೆಲವರು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತ, ಓಡಿಸುವವರಿಗೆ ಹೆಜ್ಜೆಹೆಜ್ಜೆಗೂ ಎಚ್ಚರಿಕೆ ಹೇಳುತ್ತ ಹೋಗುತ್ತಾರೆ. ಪ್ರಯಾಣದ ಭಯವೊಂದೇ ಇದ್ದು ಉಳಿದ ಲಕ್ಷಣಗಳಿಲ್ಲದಿದ್ದರೆ ಅದು ಪಿಟಿಎಸ್‌ಡಿ ಅಲ್ಲ, ನಿರ್ದಿಷ್ಟ ಭೀತಿ.

ಮೂರನೆಯ ಗುಂಪಿನ ಲಕ್ಷಣಗಳು ಹೊರಗಿನವರಿಗೆ ಕಾಣುವುದು ಕಷ್ಟ. ತಪ್ಪು ಯಾರದೇ ಇರಲಿ, ನಾನೇ ಕಾರಣ ಎಂಬ ಕೊರಗು. ಹೆಂಡತಿ ಮಕ್ಕಳ ಮೇಲಿನ ಪ್ರೀತಿಯೂ ಬತ್ತಿದಂತಾಗುವುದು. ಮುಂದಿನ ದಿನಗಳ ಬಗ್ಗೆ ಆಸೆಯೇ ಇಲ್ಲದಿರುವುದು. ಜೊತೆಗಿದ್ದವರು ಸತ್ತು ತಾನು ಉಳಿದಿದ್ದರೆ ಈ ಅಪರಾಧಭಾವ ಇನ್ನೂ ಗಾಢ. ಅತಿ ಎಚ್ಚರದ ಲಕ್ಷಣಗಳಲ್ಲಿ ಸಿಡುಕು, ನಿದ್ರಾಹೀನತೆ, ಗಮನ ನಿಲ್ಲದಿರುವುದು ಸೇರುತ್ತವೆ. ಮನೆಯವರು ಇದನ್ನು 'ಆಕ್ಸಿಡೆಂಟ್ ಆದ ಮೇಲೆ ಸ್ವಭಾವವೇ ಬದಲಾಗಿದೆ' ಎಂದು ಮಾತ್ರ ಹೇಳಬಲ್ಲರು. ಖಿನ್ನತೆ, ಕುಡಿತ ಮತ್ತು ದೀರ್ಘಕಾಲದ ನೋವು ಇದರ ಜೊತೆಗೂಡುವುದು ಸಾಮಾನ್ಯ.

ತಡವಾಗಲು ಕಾರಣಗಳು

ಮೊದಲನೆಯದು, ದೇಹದ ಗಾಯವೇ ಮನಸ್ಸಿನ ಗಾಯವನ್ನು ಮರೆಮಾಡುವುದು. ಮೂಳೆ ಮುರಿದವರ ಮೊದಲ ತಿಂಗಳುಗಳು ಶಸ್ತ್ರಚಿಕಿತ್ಸೆ, ಪ್ಲಾಸ್ಟರ್, ಫಿಸಿಯೋಥೆರಪಿಗಳಲ್ಲಿ ಕಳೆಯುತ್ತವೆ. ನಿದ್ರೆ ಬಾರದಿದ್ದರೆ ನೋವಿಗೆಂದು, ಸಿಡುಕಿದರೆ ಹಾಸಿಗೆಯಲ್ಲಿ ಬಿದ್ದಿರುವ ಬೇಸರಕ್ಕೆಂದು ಅರ್ಥ ಹಚ್ಚಲಾಗುತ್ತದೆ. ಮನೆಯೊಳಗೇ ಇರುವುದರಿಂದ ರಸ್ತೆಯನ್ನು ಎದುರಿಸಬೇಕಾದ ಪ್ರಸಂಗವೂ ಬರುವುದಿಲ್ಲ. ಕಾಲು ಗುಣವಾಗಿ ಮತ್ತೆ ಬೈಕು ಹತ್ತಿದ ದಿನ ಅಡಗಿದ್ದದ್ದು ಹೊರಬರುತ್ತದೆ.

ಎರಡನೆಯದು, ದೂರವುಳಿಯುವ ಉಪಾಯ ಕೆಲವು ಕಾಲ ಫಲಿಸುವುದು. ಬೇರೆ ದಾರಿ ಹಿಡಿದು, ಬಸ್ಸಿನಲ್ಲಿ ಓಡಾಡಿ, ಮಾತು ಬಂದಾಗ ವಿಷಯ ಬದಲಿಸಿ ತಿಂಗಳುಗಟ್ಟಲೆ ಸಾಗಿಸಬಹುದು. ವರ್ಗಾವಣೆಯೋ ಹೊಸ ಕೆಲಸವೋ ಆ ಉಪಾಯವನ್ನು ಮುರಿದಾಗ ಕಾಯಿಲೆ ಎದ್ದು ಕಾಣುತ್ತದೆ.

ಮೂರನೆಯದು, ಅಪಘಾತದ ಬೆನ್ನಿಗೇ ಬರುವ ಬೇರೆ ಕಷ್ಟಗಳು. ಆಸ್ಪತ್ರೆಯ ಸಾಲ, ಹೋದ ಕೆಲಸ, ವಿಮಾ ಕಂಪನಿಯೊಡನೆ ಜಗ್ಗಾಟ, ಉಳಿದ ಅಂಗವೈಕಲ್ಯ, ಮನೆಯಲ್ಲೊಂದು ಸಾವು. ಮೊದಲ ಆಘಾತದಿಂದ ಮೆದುವಾದ ಮನಸ್ಸು ಈ ಸಣ್ಣ ಪೆಟ್ಟುಗಳಿಗೂ ಹೆಚ್ಚು ಸ್ಪಂದಿಸುತ್ತದೆ. ಇದನ್ನು ಸಂವೇದನಾವೃದ್ಧಿ ಎಂದು ಕರೆಯುತ್ತಾರೆ.

ನಾಲ್ಕನೆಯದು ನೆನಪಿನ ತೊಡಕು. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದವರಿಗೆ ಅಪಘಾತದ ನೆನಪಿರುವುದಿಲ್ಲ. ಆದ್ದರಿಂದ ಈ ಕಾಯಿಲೆ ಬರಲಾರದು ಎಂದು ಹಿಂದೆ ನಂಬಿದ್ದರು. ಈಗ ಅದು ನಿಜವಲ್ಲವೆಂದು ಗೊತ್ತಾಗಿದೆ. ಚದುರಿದ ತುಣುಕುಗಳು ಉಳಿದಿರಬಹುದು. ಬೇರೆಯವರು ಹೇಳಿದ ವಿವರ, ಮೊಬೈಲಿನಲ್ಲಿ ಹರಿದಾಡಿದ ಫೋಟೊ, ಪೊಲೀಸ್ ಮಹಜರಿನ ಚಿತ್ರಗಳಿಂದ ಮನಸ್ಸು ಒಂದು ದೃಶ್ಯ ಕಟ್ಟಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಎಚ್ಚರವಾದ ಕ್ಷಣವೇ ಆಘಾತವಾಗಿ ನಿಲ್ಲಬಹುದು.

ಐದನೆಯದಾಗಿ, ನೆನಪನ್ನು ಕೆದಕುವ ಸಂದರ್ಭಗಳು: ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವುದು, ಸತ್ತವರ ವರ್ಷಾಬ್ದಿಕ, ಅದೇ ಜಾಗದಲ್ಲಿ ಇನ್ನೊಂದು ಅಪಘಾತ.

ಯಾರಿಗೆ ಹೆಚ್ಚು ಅಪಾಯ

ಗಾಯ ಎಷ್ಟು ದೊಡ್ಡದು ಎಂಬುದಕ್ಕಿಂತ 'ಸತ್ತೇಹೋದೆ' ಅನಿಸಿತೇ ಎಂಬುದು ಕಾಯಿಲೆಯನ್ನು ಹೆಚ್ಚು ನಿಖರವಾಗಿ ಸೂಚಿಸುತ್ತದೆ. ತರಚು ಗಾಯವಾದವರಲ್ಲಿ ಕಾಯಿಲೆ ಕಂಡು, ಕಾಲು ಕಳೆದುಕೊಂಡವರಲ್ಲಿ ಕಾಣದಿರುವುದುಂಟು. ಹಿಂದೆ ಅನುಭವಿಸಿದ ಆಘಾತ, ಮೊದಲೇ ಇದ್ದ ಖಿನ್ನತೆ, ಆಸರೆಯ ಕೊರತೆ, ಜೊತೆಗಿದ್ದವರ ಸಾವು, ವಾಸಿಯಾಗದ ನೋವು ಅಪಾಯವನ್ನು ಹೆಚ್ಚಿಸುತ್ತವೆ. ಅಪಘಾತದ ಬಗ್ಗೆ ಸದಾ ಮೆಲುಕು ಹಾಕುವುದು, ನೆನಪನ್ನು ಬಲವಂತವಾಗಿ ಅದುಮುವುದು, ಮತ್ತು ತಪ್ಪಿತಸ್ಥನ ಮೇಲಿನ ಕೋಪ, ಈ ಮೂರೂ ಕಾಯಿಲೆ ದೀರ್ಘವಾಗುವುದಕ್ಕೆ ಸಂಬಂಧಿಸಿವೆ ಎಂದು 1998ರ ಇಂಗ್ಲೆಂಡಿನ ಅಧ್ಯಯನ ತೋರಿಸಿತು.

ಮಕ್ಕಳು ಇದರಿಂದ ಹೊರತಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಸ್ತೆ ಅಪಘಾತಕ್ಕೆ ಸಿಕ್ಕ 119 ಮಕ್ಕಳಲ್ಲಿ 41 ಮಕ್ಕಳಿಗೆ (ಶೇ. 34.5) ಕಾಯಿಲೆಯಿತ್ತು. ಚಿಕ್ಕ ಮಕ್ಕಳು ಅದನ್ನು ಮಾತಿನಲ್ಲಿ ಹೇಳುವುದಿಲ್ಲ. ಆಟಿಕೆ ಕಾರುಗಳನ್ನು ಮತ್ತೆ ಮತ್ತೆ ಡಿಕ್ಕಿ ಹೊಡೆಸಿ ಆಡುತ್ತವೆ, ಹಾಸಿಗೆ ಒದ್ದೆ ಮಾಡುತ್ತವೆ, ತಾಯಿಯ ಸೆರಗು ಬಿಡುವುದಿಲ್ಲ. ತಂದೆತಾಯಿಯೂ ಅದೇ ಅಪಘಾತದಲ್ಲಿದ್ದರೆ ಮಗುವಿನ ಮೌನವನ್ನು 'ಮರೆತಿದೆ' ಎಂದು ತಿಳಿಯುವ ಸಾಧ್ಯತೆ ಹೆಚ್ಚು.

ಮನಸ್ಸು ಮತ್ತು ಮಿದುಳಿನಲ್ಲಿ ನಡೆಯುವುದು

ಸರಳವಾದ ವಿವರಣೆ ಕಲಿಕೆಯದು. ಪಾವ್ಲೊವ್‌ನ ನಾಯಿ ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತಂತೆ, ಅಪಘಾತದಲ್ಲಿದ್ದವರ ದೇಹ ಬ್ರೇಕಿನ ಸದ್ದಿಗೆ ಹೆದರಲು ಕಲಿಯುತ್ತದೆ. ಭಯದ ಸೂಚನೆಯಿಂದ ದೂರ ಸರಿದಾಗ ಸಿಗುವ ನೆಮ್ಮದಿ ದೂರ ಸರಿಯುವ ಅಭ್ಯಾಸವನ್ನೇ ಗಟ್ಟಿ ಮಾಡುತ್ತದೆ. ಅದರಿಂದಾಗಿ 'ರಸ್ತೆ ಈಗ ಅಷ್ಟು ಅಪಾಯವಲ್ಲ' ಎಂಬ ಹೊಸ ಪಾಠ ಕಲಿಯುವ ಅವಕಾಶ ತಪ್ಪುತ್ತದೆ.

ಎಹ್ಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ 2000ದಲ್ಲಿ ಮಂಡಿಸಿದ ಸಿದ್ಧಾಂತ ನೆನಪಿನ ಸ್ವರೂಪಕ್ಕೆ ಒತ್ತು ಕೊಡುತ್ತದೆ. ಸಾಮಾನ್ಯ ನೆನಪಿಗೆ ದಿನಾಂಕವಿರುತ್ತದೆ. ಅದು ಆಗಿಹೋದದ್ದು ಎಂಬ ಅರಿವಿರುತ್ತದೆ. ಆಘಾತದ ನೆನಪು ಹೀಗೆ ಬದುಕಿನ ಕಥೆಯಲ್ಲಿ ತನ್ನ ಜಾಗಕ್ಕೆ ಕೂರದೆ ಚೂರುಚೂರಾಗಿ ಉಳಿದಿರುತ್ತದೆ. ಆದ್ದರಿಂದ ಅದು ಮರಳಿದಾಗ ಅಪಾಯ ಈಗಲೇ ಎದುರಿಗಿದೆ ಅನಿಸುತ್ತದೆ. ಮಿದುಳಿನ ಮಟ್ಟದಲ್ಲಿ, ಅಪಾಯ ಗುರುತಿಸುವ ಅಮಿಗ್ಡಲ ಹೆಚ್ಚು ಚುರುಕಾಗಿದ್ದು, ಅದನ್ನು ಹತೋಟಿಯಲ್ಲಿಡಬೇಕಾದ ಮುಂಭಾಗದ ಮಿದುಳಿನ ಪ್ರಭಾವ ತಗ್ಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತಡವಾಗಿ ಕಾಯಿಲೆ ಬಿದ್ದ ವಾಹನ ಅಪಘಾತದ ಗಾಯಾಳುಗಳಲ್ಲಿ ಮೊದಲ ತಿಂಗಳಲ್ಲೇ ವಿಶ್ರಾಂತಿಯ ನಾಡಿಬಡಿತ ಹೆಚ್ಚಿದ್ದುದನ್ನು ಬ್ರಯಾಂಟ್ ಮತ್ತು ಆಲಿಸನ್ ಹಾರ್ವೆ 2002ರಲ್ಲಿ ವರದಿ ಮಾಡಿದರು. ಕೆಂಡ ಮೊದಲಿನಿಂದಲೂ ಇತ್ತು ಎನ್ನುವುದಕ್ಕೆ ಇದೊಂದು ದೈಹಿಕ ಸಾಕ್ಷ್ಯ.

ರೋಗನಿರ್ಣಯ

ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಈ ಕಾಯಿಲೆಯನ್ನು ತೋರಿಸುವುದಿಲ್ಲ. ತರಬೇತಾದವರು ನಡೆಸುವ ಸಂದರ್ಶನವೇ ಪ್ರಮಾಣ. ಮೊದಲ ಹಂತದ ಸೋಸುವಿಕೆಗೆ 20 ಪ್ರಶ್ನೆಗಳ ಪಿಸಿಎಲ್-5 ಎಂಬ ಪಟ್ಟಿ ಬಳಕೆಯಲ್ಲಿದೆ. ತಲೆಪೆಟ್ಟಿನ ಅನಂತರದ ಮರೆವು ಮತ್ತು ಸಿಡುಕು, ಖಿನ್ನತೆ, ಕುತ್ತಿಗೆಯ ಉಳುಕಿನ ನೋವು ಇವುಗಳಿಂದ ಇದನ್ನು ಬೇರ್ಪಡಿಸಬೇಕಾಗುತ್ತದೆ. ಎರಡೂ ಒಟ್ಟಿಗಿರುವ ಸಾಧ್ಯತೆಯನ್ನೂ ನೋಡಬೇಕಾಗುತ್ತದೆ. ತಡವಾದ ಪ್ರಕರಣಗಳಲ್ಲಿ ರೋಗಿ ಹೊಟ್ಟೆನೋವು, ತಲೆಸುತ್ತು, ನಿದ್ರಾಹೀನತೆ ಎಂದು ಹೇಳಿಕೊಂಡು ಬರುತ್ತಾನೆ. ಒಂದು ವರ್ಷದ ಹಿಂದಿನ ಅಪಘಾತವನ್ನು ತಾನಾಗಿ ಹೇಳುವುದಿಲ್ಲ, ವೈದ್ಯರು ಕೇಳಬೇಕು.

ಚಿಕಿತ್ಸೆ

ಅಪಘಾತವಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಮೇಯೋ ಮತ್ತು ಸಂಗಡಿಗರು ಇದನ್ನು ರಸ್ತೆ ಅಪಘಾತದ ಗಾಯಾಳುಗಳ ಮೇಲೆಯೇ ಪರೀಕ್ಷಿಸಿ, ಮೂರು ವರ್ಷಗಳ ಬಳಿಕ ಮತ್ತೆ ನೋಡಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಿಂದ ಪ್ರಯೋಜನವಾಗಿರಲಿಲ್ಲ. ಮೊದಲಿಗೆ ತೀವ್ರ ಲಕ್ಷಣಗಳಿದ್ದವರ ಸ್ಥಿತಿ, ಇಂಥ ಮಾತುಕತೆಗೆ ಕೂರದವರಿಗಿಂತ ಕೆಟ್ಟಿತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ ತನ್ನ 2018ರ ಸೂಚಿಯಲ್ಲಿ ಈ ಪದ್ಧತಿ ಬೇಡವೆಂದಿದೆ. ಲಕ್ಷಣ ಕಡಿಮೆಯಿದ್ದರೆ ಒಂದು ತಿಂಗಳೊಳಗೆ ಮತ್ತೆ ಕರೆದು ನೋಡುವ 'ಸಕ್ರಿಯ ನಿಗಾ' ಸಾಕು ಎಂಬುದು ಅದರ ಸಲಹೆ.

ಕಾಯಿಲೆ ಗಟ್ಟಿಯಾದವರಿಗೆ ಆಘಾತಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆ ಮೊದಲ ಆಯ್ಕೆ. ಸಾಮಾನ್ಯವಾಗಿ 8ರಿಂದ 12 ಭೇಟಿಗಳು ಬೇಕಾಗುತ್ತವೆ. ನಡೆದದ್ದನ್ನು ಸುರಕ್ಷಿತ ವಾತಾವರಣದಲ್ಲಿ ಮತ್ತೆ ಮತ್ತೆ ವಿವರಿಸುವುದು, 'ನನ್ನದೇ ತಪ್ಪು' ಎಂಬಂಥ ತೀರ್ಮಾನಗಳನ್ನು ಸಾಕ್ಷ್ಯದೊಡನೆ ಒರೆಗೆ ಹಚ್ಚುವುದು, ಬಿಟ್ಟಿದ್ದ ರಸ್ತೆಗೆ ಮೆಟ್ಟಿಲು ಮೆಟ್ಟಿಲಾಗಿ ಮರಳುವುದು ಇದರ ಅಂಗಗಳು. ಮೊದಲು ನಿಂತ ಕಾರಿನಲ್ಲಿ ಕೂರುವುದು, ಆಮೇಲೆ ಮನೆಯ ಬೀದಿ, ಆಮೇಲೆ ಹಗಲಿನ ಹೆದ್ದಾರಿ, ಕೊನೆಗೆ ಅಪಘಾತವಾದ ಜಾಗ. ಎಡ್ನಾ ಫೋವಾ ರೂಪಿಸಿದ ದೀರ್ಘ ಎದುರುಗೊಳ್ಳುವಿಕೆಯ ಚಿಕಿತ್ಸೆಯೂ ಫ್ರಾನ್ಸಿನ್ ಶಪೀರೊ 1980ರ ದಶಕದ ಕೊನೆಯಲ್ಲಿ ರೂಪಿಸಿದ, ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಚಿಕಿತ್ಸೆಯೂ ಬಳಕೆಯಲ್ಲಿವೆ. ಎಹ್ಲರ್ಸ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರಿವಿನ ಚಿಕಿತ್ಸೆ ಪಡೆದವರಲ್ಲಿ ಕೊನೆಗೆ ಶೇ. 11 ಮಂದಿಗೆ ಮಾತ್ರ ಕಾಯಿಲೆ ಉಳಿದಿತ್ತು. ಸ್ವಸಹಾಯದ ಕಿರುಹೊತ್ತಿಗೆ ಪಡೆದವರಲ್ಲಿ ಶೇ. 61 ಮಂದಿಗೆ ಉಳಿದಿತ್ತು.

ಔಷಧಿಗಳಲ್ಲಿ ಸೆರ್ಟ್ರಲೀನ್ ಮತ್ತು ಪೆರಾಕ್ಸಿಟೀನ್ ಈ ಕಾಯಿಲೆಗೆ ಅಮೆರಿಕದಲ್ಲಿ ಮಾನ್ಯತೆ ಪಡೆದಿವೆ. ನಿದ್ರೆಗೂ ಗಾಬರಿಗೂ ಕೊಡುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳನ್ನು ಆಘಾತದ ಮೊದಲ ತಿಂಗಳಲ್ಲಿ ಒತ್ತಡದ ಲಕ್ಷಣಗಳಿಗಾಗಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿದೆ.

ತಡೆಗಟ್ಟುವ ಪ್ರಯತ್ನಗಳಲ್ಲಿ ಕುತೂಹಲಕರವಾದದ್ದು ಟೆಟ್ರಿಸ್ ಎಂಬ ವಿಡಿಯೊ ಆಟದ್ದು. ಆಕ್ಸ್‌ಫರ್ಡಿನ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ವಾಹನ ಅಪಘಾತವಾಗಿ ಬಂದ 71 ಜನರಲ್ಲಿ ಒಂದು ಗುಂಪಿಗೆ ಆರು ಗಂಟೆಯೊಳಗೆ, ಅಪಘಾತವನ್ನು ಒಮ್ಮೆ ನೆನಪಿಸಿ, ಈ ಆಟ ಆಡಿಸಲಾಯಿತು. ಮುಂದಿನ ಒಂದು ವಾರ ಅವರಲ್ಲಿ ನುಗ್ಗಿಬರುವ ನೆನಪುಗಳು ಗಣನೀಯವಾಗಿ ಕಡಿಮೆಯಿದ್ದವು. ಎಮಿಲಿ ಹೋಮ್ಸ್ ಅವರ ತಂಡದ ಈ ವರದಿಯ ಮುದ್ರಿತ ರೂಪ 2018ರದ್ದು. ದೀರ್ಘಕಾಲದ ಪರಿಣಾಮಕ್ಕೆ ಇದೊಂದೇ ಆಧಾರ ಸಾಲದು.

ಭಾರತ ಮತ್ತು ಕರ್ನಾಟಕ

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು. ಕರ್ನಾಟಕದಲ್ಲಿ ಸತ್ತವರೇ 11 ಸಾವಿರಕ್ಕೂ ಹೆಚ್ಚು. ಪಾಶ್ಚಾತ್ಯ ಅಧ್ಯಯನಗಳ ಗಾಯಾಳು ಹೆಚ್ಚಾಗಿ ಕಾರಿನೊಳಗಿದ್ದವನು. ಇಲ್ಲಿ ಸತ್ತವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ದ್ವಿಚಕ್ರ ವಾಹನದವರು, ಅವರ ಜೊತೆಗೆ ಪಾದಚಾರಿಗಳು. ಲಾರಿ, ಬಸ್ಸು, ಆಟೊ ಓಡಿಸಿ ಬದುಕುವವರಿಗೆ ರಸ್ತೆಯಿಂದ ದೂರವುಳಿಯುವ ಆಯ್ಕೆಯೇ ಇಲ್ಲ. ಅವರಲ್ಲಿ ಕಾಯಿಲೆ ದೂರವುಳಿಯುವಿಕೆಯ ರೂಪದಲ್ಲಿ ಕಾಣದೆ ಕುಡಿತ, ನಿದ್ರಾಹೀನತೆ, ಸಿಡುಕಿನ ರೂಪದಲ್ಲಿ ಕಾಣಬಹುದು.

ಕನ್ನಡದ ಮಾತುಗಳಲ್ಲೂ ಈ ಅನುಭವಕ್ಕೆ ಹೆಸರುಗಳಿವೆ. 'ಹೆದರಿಕೆ ಹೊಕ್ಕಿದೆ' ಎನ್ನುತ್ತಾರೆ. ಅಪಘಾತವಾದ ಜಾಗದ 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಮೊದಲ ದಿನಗಳಲ್ಲಿ ನಂಟರಿಷ್ಟರು ಸುತ್ತ ಇರುವುದು ನಿಜವಾದ ಆಸರೆ. ಆದರೆ 'ತಲೆಗೆ ಬಂದದ್ದು ರುಮಾಲಿಗೆ ಹೋಯಿತು, ಬದುಕಿದ್ದೇ ಪುಣ್ಯ' ಎಂಬ ಸಮಾಧಾನದಲ್ಲಿ ವಿಷಯ ಮುಗಿದಂತಾಗುತ್ತದೆ. ಆರು ತಿಂಗಳ ಮೇಲೆ ನಿದ್ರೆ ಕೆಟ್ಟವನಿಗೆ ಅದನ್ನು ಮತ್ತೆ ಎತ್ತಲು ಸಂಕೋಚ.

ಬೆಂಗಳೂರಿನ ನಿಮ್ಹಾನ್ಸ್ ಒಂದೇ ಆವರಣದಲ್ಲಿ ತಲೆಪೆಟ್ಟಿನ ಶಸ್ತ್ರಚಿಕಿತ್ಸೆಯನ್ನೂ ಮನೋವೈದ್ಯಕೀಯವನ್ನೂ ಹೊಂದಿರುವ ಸಂಸ್ಥೆ. ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಅಲ್ಲಿ ರಸ್ತೆ ಅಪಘಾತದ ಗಾಯಗಳನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋವ್ಯಾಧಿಗಳಲ್ಲಿ ಚಿಕಿತ್ಸೆ ಸಿಗದವರ ಪಾಲು ಶೇ. 70ರಿಂದ 92. ದೊಡ್ಡಾಸ್ಪತ್ರೆಯ ಹೊರಗೆ ನೆರವು ಒದಗಿಸುವ ಪ್ರಯತ್ನಕ್ಕೂ ಕರ್ನಾಟಕದಲ್ಲಿ ಹಳೆಯ ಬೇರಿದೆ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೂ (14416) ನಿಮ್ಹಾನ್ಸ್ ಕೇಂದ್ರಸ್ಥಾನ. ಕನ್ನಡದಲ್ಲೂ ಅಲ್ಲಿ ಮಾತನಾಡಬಹುದು.

ಕಾನೂನು ಮತ್ತು ಪರಿಹಾರ

ಇಂಗ್ಲೆಂಡಿನಲ್ಲಿ 1995ರ ಹೌಸ್ ಆಫ್ ಲಾರ್ಡ್ಸ್ ತೀರ್ಪು, ಕಾರು ಅಪಘಾತದಲ್ಲಿ ದೇಹಕ್ಕೆ ಗಾಯವೇ ಆಗದವನಿಗೂ ಮಾನಸಿಕ ಹಾನಿಗೆ ಪರಿಹಾರ ಸಿಗಬಹುದೆಂದು ಒಪ್ಪಿತು. ಅಲ್ಲಿ ದಾವೆ ಹೂಡಲು ಮೂರು ವರ್ಷಗಳ ಅವಧಿಯಿದೆ. ಹಾನಿ ತಡವಾಗಿ ತಿಳಿದುಬಂದರೆ ತಿಳಿದ ದಿನದಿಂದ ಎಣಿಸಬಹುದು.

ಭಾರತದಲ್ಲಿ ಪರಿಹಾರದ ಅರ್ಜಿಗಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಬರುತ್ತವೆ. ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ಪಟ್ಟಿ ಮಾಡಿದ ಪರಿಹಾರದ ಬಾಬುಗಳಲ್ಲಿ ನೋವು, ಯಾತನೆ ಮತ್ತು ಆಘಾತ ಸೇರಿವೆ. ಆದರೆ ನ್ಯಾಯಮಂಡಳಿಗಳು ಅಂಗವೈಕಲ್ಯವನ್ನು ಶೇಕಡಾವಾರು ಅಳೆಯುವುದು ಹೆಚ್ಚಾಗಿ ಮೂಳೆ ಮತ್ತು ಅಂಗಗಳ ಲೆಕ್ಕದಲ್ಲಿ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಅರ್ಜಿಗೆ ಇದ್ದ ಕಾಲಮಿತಿಯನ್ನು 1994ರಲ್ಲಿ ತೆಗೆದುಹಾಕಲಾಗಿತ್ತು. 2019ರ ತಿದ್ದುಪಡಿ ಅಪಘಾತದ ದಿನದಿಂದ ಆರು ತಿಂಗಳ ಮಿತಿಯನ್ನು ಮತ್ತೆ ತಂದಿತು. ಅದು ಜಾರಿಯಾದದ್ದು 2022ರ ಏಪ್ರಿಲ್ 1ರಿಂದ. ಈ ಮಿತಿ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿದೆ.

ಗಾಯಾಳುಗಳ ನೆರವಿನ ಯೋಜನೆಗಳ ಅವಧಿ ಇನ್ನೂ ಚಿಕ್ಕದು. ಕರ್ನಾಟಕ 2016ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಭರಿಸಿತು. ಕೇಂದ್ರ ಸರ್ಕಾರದ 2025ರ ನಗದುರಹಿತ ಚಿಕಿತ್ಸಾ ಯೋಜನೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗೆ ಭರಿಸುತ್ತದೆ. ಜೀವ ಉಳಿಸಲು ಈ ಗಂಟೆಗಳೂ ದಿನಗಳೂ ನಿರ್ಣಾಯಕ. ಆದರೆ ಕೈಪಿಡಿಯ ವ್ಯಾಖ್ಯೆಯಂತೆ ತಡವಾದ ಪಿಟಿಎಸ್‌ಡಿ ಎಣಿಕೆಗೆ ಬರುವುದೇ ಆರು ತಿಂಗಳ ಬಳಿಕ. ಅಷ್ಟು ಹೊತ್ತಿಗೆ ಈ ಯೋಜನೆಗಳ ಅವಧಿ ಮುಗಿದಿರುತ್ತದೆ, ಅರ್ಜಿಯ ಗಡುವೂ ಮುಗಿದಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಇರಬೇಕೆಂದು ವಿಧಿಸಿರುವುದು ಇಂಥವರಿಗೆ ಉಳಿಯುವ ಒಂದು ದಾರಿ.

ಮುನ್ನೋಟ

ಅಪಘಾತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದಿಲ್ಲ. ಮೊದಲ ವಾರಗಳ ಭಯ ತಾನಾಗಿ ಇಳಿಯುತ್ತದೆ. ತಡವಾಗಿ ಬಂದವರಿಗೂ ಚಿಕಿತ್ಸೆ ಫಲಿಸುತ್ತದೆ. ಜೆರುಸಲೇಮಿನಲ್ಲಿ ಆರ್ಯೆ ಶಲೇವ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಡಲೇ ಚಿಕಿತ್ಸೆ ಪಡೆದವರು ಮತ್ತು ಕೆಲವು ತಿಂಗಳು ಕಾದು ಪಡೆದವರು ಕೊನೆಗೆ ಒಂದೇ ಮಟ್ಟದ ಸುಧಾರಣೆ ಕಂಡರು. ಗಾಯಾಳುವನ್ನು ಆಸ್ಪತ್ರೆಯಿಂದ ಕಳಿಸುವಾಗಲೇ ಮನಸ್ಸಿನ ಲಕ್ಷಣಗಳನ್ನು ತಿಳಿಸುವುದು, ಮೂಳೆಯ ಎಕ್ಸ್-ರೇಗೆ ಮತ್ತೆ ಬಂದ ದಿನ ನಿದ್ರೆ ಹೇಗಿದೆ, ರಸ್ತೆಗಿಳಿದಿದ್ದೀರಾ ಎಂದು ಕೇಳುವುದು, ಆರನೆಯ ತಿಂಗಳಲ್ಲಿ ಇನ್ನೊಮ್ಮೆ ಕೇಳುವುದು, ತಡವನ್ನು ತಗ್ಗಿಸಲು ಸಾಧ್ಯವಿರುವ ಅತಿ ಕಡಿಮೆ ಖರ್ಚಿನ ಕ್ರಮಗಳು.